ಹೊಯ್ಗೆಗೆ ಆಧಾರ

ಆ ಪ್ರಶ್ನಾರ್ಥಕ ಚಿಹ್ನೆಯೇ ರತನನಿಗೆ ತಡೆಯದಾದದ್ದು. ಬರಿಯ ಶಬ್ದವಾಗಿದ್ದರೆ ಬಿಟ್ಟುಬಿಡುತ್ತಿದ್ದನೋ ಏನೋ. ಬ್ರಹ್ಮಾವರದ ಮೀನು ಮಾರ್ಕೆಟ್ಟಿನ ಹಿಂದೆ ಟೆಂಪೊ ನಿಲ್ಲಿಸಿ ಖಾಲಿ ಕ್ರೇಟುಗಳನ್ನು ಒಂದರೊಳಗೊಂದು ತುರುಕುತ್ತಿದ್ದಾಗ ಕಿಸೆಯಲ್ಲಿ ಮೊಬೈಲು ನಡುಗಿತು. ಅಂಗಿಗೆ ಕೈ ಒರೆಸಿಕೊಂಡು ನೋಡಿದರೆ ಗಾಜಿನ ಮೇಲೆ ಒಂದೇ ಸಾಲು. ಶರ್ಮಿಳಾ ಟೀಚರ್, ಶ್ರೀಲತಾಳ ಸ್ಲೈಡಿನಲ್ಲಿ: ಆಧಾರ? ಅಷ್ಟೆ. ತನ್ನಿ ಅಂತಲ್ಲ, ಬೇಕಿತ್ತು ಅಂತಲ್ಲ. ಗಾಳದ ಕೊಕ್ಕೆಯ ಹಾಗೆ ಬಾಗಿದ ಆ ಚಿಹ್ನೆ ತಂಗಿಯ ಹೆಸರಿನ ಪಕ್ಕದಲ್ಲಿ ನಿಂತು, ನೀನು ಯಾರು, ನಿನ್ನ ಗುರುತು ಎಂಥದು, ಇಲ್ಲಿ ಕೂರಲಿಕ್ಕೆ ನಿನಗೆ ಹೇಳಿದ್ದು ಯಾರು ಎಂದು ಕೇಳುವ ಹಾಗಿತ್ತು. ಅವನ ಹೆಬ್ಬೆರಳಿಗೆ ಅಂಟಿದ್ದ ಬೂತಾಯಿ ಮೀನಿನ ಒಂದು ಪರೆ ಸರಿಯಾಗಿ ಆ ಅಕ್ಷರಗಳ ಮೇಲೆಯೇ ಕೂತಿತು. ಉಜ್ಜಿದ. ಪರೆ ಹೋಯಿತು, ಅಕ್ಷರ ಹೋಗಲಿಲ್ಲ.

ಮನೆಯಲ್ಲಿದ್ದದ್ದು ಇದೊಂದೇ ದೊಡ್ಡ ಮೊಬೈಲು. ಸಂಜೆ ಅದು ಒಂಬತ್ತನೆಯ ತರಗತಿಯ ತಂಗಿಯ ಕೈಯಲ್ಲಿ, ಹಗಲು ಅವನ ಕಿಸೆಯಲ್ಲಿ. ಆದ್ದರಿಂದ ಶಾಲೆಯವರು ಶ್ರೀಲತಾಳಿಗೆ ಹೇಳಿದ್ದೆಲ್ಲ ಹಗಲು ಹೊತ್ತು ಬಂದು ಅವನ ತೊಡೆಗೆ ಕುಟ್ಟುತ್ತಿತ್ತು. ಇಡೀ ತರಗತಿ ಸೇರಿ ಕರ್ನಾಟಕದ ಚರಿತ್ರೆಯನ್ನು ಸ್ಲೈಡು ಮಾಡುವುದಂತೆ. ಕದಂಬರಿಂದ ಹಿಡಿದು ಏಕೀಕರಣದವರೆಗೆ ಒಬ್ಬೊಬ್ಬರಿಗೆ ಒಂದೊಂದು ಸ್ಲೈಡು, ಆದರೆ ಯಾರ ಸ್ಲೈಡಿನಲ್ಲಿ ಯಾರು ಬೇಕಾದರೂ ಕೈಹಾಕಿ ತಿದ್ದಬಹುದು. ಶ್ರೀಲತಾಳ ಪಾಲಿಗೆ ಬಂದದ್ದು ಕರಾವಳಿಯ ಹಳೆಯ ಬಂದರುಗಳು. ಎಲ್ಲ ಮುಗಿದ ಮೇಲೆ ಬ್ರಹ್ಮಾವರದಲ್ಲಿ ಬೇರೆ ಬೇರೆ ಶಾಲೆಯ ಮಕ್ಕಳೆದುರು ಅದನ್ನು ತೋರಿಸುವುದು, ಮೈಕು ಹಿಡಿದು ಮಾತಾಡುವುದು ಒಬ್ಬರೇ. ಆ ಒಬ್ಬರು ಯಾರೆಂದು ಇವತ್ತು ಮಧ್ಯಾಹ್ನ ಆರಿಸುತ್ತಾರೆ. ವಾರದಿಂದ ಅವಳು ಪಾತ್ರೆ ತಿಕ್ಕುವಾಗಲೂ ಮಾತಾಡಿ ಅಭ್ಯಾಸ ಮಾಡುತ್ತಿದ್ದಳು. ಕೈಯಲ್ಲಿ ಸೌಟು. ಇವತ್ತೇ ಕೇಳಬೇಕಿತ್ತೇ ಆಧಾರ? ಇವತ್ತು ಕೇಳಿದರೆ ಅವಳು ಕಾರ್ಡು ತಂದಿರುವುದಿಲ್ಲ, ತಂದಿಲ್ಲವಾದರೆ ಹೆಸರು ಬಿಡಬಹುದು, ಹೆಸರು ಬಿಟ್ಟದ್ದಕ್ಕೆ ಕಾರಣವೂ ಸಿಕ್ಕಿತು. ಅವನಿಗೆ ಈ ಲೆಕ್ಕ ಗೊತ್ತಿತ್ತು. ಇಂಥ ಲೆಕ್ಕವನ್ನು ಅವನು ಯಾರಿಗಿಂತಲೂ ಬೇಗ ಮಾಡುತ್ತಿದ್ದ.

"ಎಂತದಾ ರತನಾ, ಹೆಣ್ಣ್ ಗಿಣ್ಣ್ ಕೈ ಕೊಟ್ಟಿತಾ? ಮುಖ ಹಳಸಿದ ಬಂಗ್ಡಿ ಕಣ್ಣಿನಂಗೆ ಆಯ್ತಲ್ಲ." ಐಸ್ ಒಡೆಯುವ ಬಚ್ಚ ಗೋಣಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

"ಶಾಲಿಯರ್ ಆಧಾರ್ ಕೇಂತ್ರ್."

"ನಿಂದಾ? ನೀ ಶಾಲಿ ಬಿಟ್ಟ್ ಯಾವ ಕಾಲ ಆಯ್ತ್ ಮಾರಾಯಾ. ಈಗ ನೆನಪಾಯ್ತಾ ಅವ್ರಿಗೆ?"

"ತಂಗಿದ್."

"ಕೇಂಡ್ರೆ ಬಿಸಾಡ್ ಅತ್ಲಾಗೆ. ಈಗ ಹೆಣಕ್ಕೂ ಕೇಂತ್ರ್. ನಮ್ಮ ದೊಡ್ಡಪ್ಪಯ್ಯ ಸತ್ತಾಗ ಅವನ ಕಾರ್ಡ್ ಹುಡ್ಕುಕೆ ಹೋಯಿ ಅಳೂಕೇ ಮರ್ತ್ ಹೋಯ್ತ್ ನಮ್ಗೆ."

"ಎಲ್ಲರ ಹತ್ರ ಕೇಂಡಿರೆ ಸೈ ಬಚ್ಚಣ್ಣ. ಇವ್ಳ ಹತ್ರ ಮಾತ್ರ ಎಂತಕೆ?"

ಬಚ್ಚ ಹೊಗೆ ಬಿಟ್ಟ. ಎಲ್ಲರ ಹತ್ತಿರ ಕೇಳಿದ್ದಾರೋ ಇಲ್ಲವೋ ರತನನಿಗೂ ಗೊತ್ತಿರಲಿಲ್ಲ. ಆ ಸ್ಲೈಡನ್ನು ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ತೆರೆಯುವುದಕ್ಕೆ ಅವನ ಸಿಟ್ಟಿಗೆ ಪುರುಸೊತ್ತಿರಲಿಲ್ಲ. ಅದಾಗಲೇ ಟೆಂಪೊ ಹತ್ತಿ ಕೂತು, ಹೊರಡು ಎಂದು ಅವನನ್ನು ಕರೆಯುತ್ತಿತ್ತು.

ಹೆದ್ದಾರಿಯಲ್ಲಿ ಖಾಸಗಿ ಬಸ್ಸುಗಳು ಒಂದರ ಬಾಲ ಒಂದು ಕಚ್ಚಿಕೊಂಡು ಓಡುತ್ತಿದ್ದವು. ಒಂದು ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಇವನ ಟೆಂಪೊದ ತಗಡಿಗೆ ಬಡಿದು ಪಕ್ಕಕ್ಕೆ ಸರಿ ಎಂದ, ಇವನು ಸರಿಯಲಿಲ್ಲ. ಯಾರಾದರೂ ಸರಿ ಎಂದರೆ ಸಾಕು, ಅವನ ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿ ಒತ್ತುತ್ತಿತ್ತು. ಸರಿದು ಕೂರು ಅಂತ ಶಾಲೆಯಲ್ಲಿ ಉಮಾನಾಥ ಮಾಸ್ಟ್ರೂ ಹೇಳುತ್ತಿದ್ದರು, ಬೆಂಚಿನ ಆ ತುದಿಗೆ ಹೋಗು, ಗಾಳಿ ಈಚೆ ಬರಲಿ. ಬೈಗುಳವಲ್ಲ, ನಗುತ್ತಲೇ ಹೇಳುತ್ತಿದ್ದದ್ದು. ಅವರ ಮನೆಯವರದು ಪುಣೆಯಲ್ಲಿ ಹೋಟೆಲು, ಊರಲ್ಲಿ ಕಣ್ಣಿಗೆ ಕಂಡಷ್ಟು ಗದ್ದೆ, ಯಾರಿಗೂ ಕೆಟ್ಟವರಾಗುವ ಅಗತ್ಯವೇ ಬಾರದ ಮನುಷ್ಯ. ಆ ದಿನವೂ ನಗುತ್ತಲೇ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಒಂದೊಂದೇ ಹೆಸರು ಓದುತ್ತಿದ್ದರು. ಆಗಷ್ಟೇ ಎಲ್ಲರಿಗೂ ಆಧಾರ್ ಕಾರ್ಡು ಬಂದಿತ್ತು. ಒಂದು ಕಾರ್ಡಿನ ಮುಂದೆ ತಡೆದರು, ಕನ್ನಡಕ ಮೇಲೆತ್ತಿದರು, ಕಣ್ಣಿಗೆ ಹತ್ತಿರ ಹಿಡಿದರು. ರಟನ್ ಅಂತ ಯಾರದ್ದು? ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಯಾವುದೋ ಯಂತ್ರ ತ ಕಿತ್ತು ಟ ಇಟ್ಟಿತ್ತು. ರಟನ್ ಸೋಮ. ತರಗತಿ ನಕ್ಕಿತು. ಮಾಸ್ಟ್ರೂ ನಕ್ಕರು, ಆದರೆ ಕೇಡಿನಿಂದಲ್ಲ, ಹಾಗೆ ನಕ್ಕರು ಎಂಬುದೇ ಇಷ್ಟು ವರ್ಷ ಅವನಿಗೆ ಬಿಡಿಸಲಾರದ ಗಂಟು. ಕೇಡಿನಿಂದ ನಕ್ಕಿದ್ದರೆ ಒಂದು ಕಲ್ಲೆಸೆದು ಮುಗಿಸಬಹುದಿತ್ತು. ಸಂಜೆಗೆ ರಟ್ಟು ಆಯಿತು ಹೆಸರು. ಬಸ್ಸಿನ ಹಿಂದಿನ ಸೀಟಿನಿಂದ ರಟ್ಟು, ಕ್ರಿಕೆಟ್ಟಿನ ಮೈದಾನದಿಂದ ರಟ್ಟು, ಮಳೆಗೆ ನೆಂದರೆ ರಟ್ಟು ಮೆತ್ತಗಾಯ್ತಾ ಅಂತ. ಆ ವರ್ಷವೇ ಅವನು ಶಾಲೆ ಬಿಟ್ಟು ಬೋಟಿಗೆ ಹೋದದ್ದು. ಯಾಕೆ ಹೋದೆ ಎಂದರೆ ಬೋಟಿನಲ್ಲಿ ಜನ ಬೇಕಿತ್ತು ಅನ್ನುತ್ತಾನೆ. ಬೇಕಿತ್ತು ಎಂಬುದೂ ನಿಜ.

ಹೆಮ್ಮಾಡಿ ದಾಟುವಾಗ ಹಟ್ಟಿಯಂಗಡಿಯ ಕಡೆಗೆ ತಿರುಗುವ ಕಾರುಗಳ ಸಾಲು ಅವನನ್ನು ನಿಲ್ಲಿಸಿತು. ಗಣಪತಿಗೆ ಪಂಚಕಜ್ಜಾಯ ಮಾಡಿಸಲಿಕ್ಕೆ ಹೊರಟವರು, ಎಸಿ ಹಾಕಿ ಗಾಜು ಏರಿಸಿದವರು. ಆ ಹೆಸರು ತಿದ್ದಿಸಲಿಕ್ಕೆ ಹೋಗಿದ್ದನಲ್ಲ ಕುಂದಾಪುರಕ್ಕೆ, ಎಷ್ಟು ಸಲ. ಪೆಟ್ಟಿಗೆಯಂಥ ಆ ಯಂತ್ರದ ಮೇಲೆ ಬೆರಳು ಇಡು ಎಂದರು, ಇಟ್ಟ. ಇನ್ನೊಂದು ಇಡು, ಇಟ್ಟ. ಹಗ್ಗ ಎಳೆದು ಐಸು ಹೊತ್ತು ಸವೆದ ಬೆರಳುಗಳನ್ನು ಅದು ಒಂದೊಂದಾಗಿ ಮೂಸಿ ನೋಡಿ ಬೇಡ ಅಂದಿತು. ಬೆರಳು ಕಾಣ್ತಾ ಇಲ್ಲ, ಎಂದಳು ಕಂಪ್ಯೂಟರಿನ ಹುಡುಗಿ, ಪರದೆ ನೋಡುತ್ತ. ಕೈ ಅಲ್ಲೇ ಅವಳ ಮೂಗಿನ ಕೆಳಗೆ ಇತ್ತು. ಹಾಗಾಗಿ ಅವನು ಇವತ್ತಿಗೂ ರಟನ್. ತಂಗಿಯ ಕಾರ್ಡು ಮಾಡಿಸುವಾಗ ಮಾತ್ರ ಅವನು ಆ ಹುಡುಗಿಯ ಬೆನ್ನ ಹಿಂದೆಯೇ ನಿಂತಿದ್ದ, ಒಂದೊಂದು ಅಕ್ಷರ ಬೀಳುವುದನ್ನೂ ಕಾದು, ಶ್ರೀಗೆ ದೀರ್ಘ, ತಾಗೆ ಇಳಿ ಎಂದು ಅವಳ ತಲೆ ತಿಂದು. ಜಗತ್ತಿನಲ್ಲಿ ಅವನು ಕೆಟ್ಟುಹೋಗದಂತೆ ನೋಡಿಕೊಂಡ ಒಂದೇ ಒಂದು ಹೆಸರು ಅದು. ಈಗ ಅದಕ್ಕೂ ಆಧಾರ ಕೇಳುತ್ತಾರೆ.

ಮನೆ ಮುಟ್ಟಿದಾಗ ಅಮ್ಮ ಸುಗುಣ ಅಂಗಳದಲ್ಲಿ ಸಿಗಡಿ ಒಣಹಾಕಿ ಕಾಗೆ ಓಡಿಸುತ್ತಿದ್ದಳು. ಅಪ್ಪ ಸೋಮ ಜಗಲಿಯಲ್ಲಿ ಮುರಿದ ಕುರ್ಚಿಯ ಕಾಲಿಗೆ ಬಲೆಯ ಹುರಿ ಸುತ್ತುತ್ತಿದ್ದ. ರತನ್ ಚಪ್ಪಲಿಯಲ್ಲೇ ಒಳಗೆ ನುಗ್ಗಿ ದೇವರ ಪಟದ ಹಿಂದೆ ಕೈಹಾಕಿದ.

"ಹ್ವಾಯ್, ಎಂತ ಹುಡ್ಕುದ್? ಚಪ್ಲಿ ತೆಗಿ ಮೊದ್ಲ್," ಎಂದಳು ಸುಗುಣ ಬಾಗಿಲಿಗೆ ಬಂದು.

"ಆಧಾರ್. ಶಾಲಿಯರಿಗ್ ಅವ್ಳ ಆಧಾರ್ ಬೇಕಂಬ್ರ್."

"ಬೇಕಾರೆ ನಾಳಿ ಅವ್ಳೇ ಕೊಂಡ್ ಹೋತ್ಲ್. ನೀ ಹೋಪುದ್ ಬ್ಯಾಡ."

"ನಾಳಿಗ್ ಎಲ್ಲಾ ಮುಗಿತ್ತ್."

"ನೀ ಹೋರೆ ಇವತ್ತೇ ಮುಗಿತ್ತ್," ಎಂದಳು ಅವಳು. ಆಮೇಲೆ ದನಿ ತಗ್ಗಿಸಿ, ಜಗಲಿಗೆ ಕೇಳದ ಹಾಗೆ: "ಕಾಣ್ ಮಗಾ, ನಿನ್ನ ಸಿಟ್ಟಿನಗೆ ಅವ್ಳನ್ ಸುಡಬೇಡ. ಅವ್ಳಾರೂ ಓದ್ಲಿ."

ಅವಳಾರೂ. ಅವಳಾದರೂ ಎಂಬ ಆ ಶಬ್ದ ಅವನ ಬೆನ್ನಿಗೆ ತಾಗಿತು, ತಿರುಗಿ ನೋಡಲಿಲ್ಲ. ಪ್ಲಾಸ್ಟಿಕ್ಕಿನ ತೊಟ್ಟೆಯೊಳಗೆ ಮನೆಯವರೆಲ್ಲರ ಕಾರ್ಡುಗಳೂ ಉಪ್ಪುಗಾಳಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರು ಹಾಕಿ ಒಂದನ್ನು ಬಿಡಿಸಿ ಕಿಸೆಗೆ ತುರುಕಿದ. ಕಂಡ್ಕಂಡ್ ತಕೋ, ಹೆಸ್ರ್ ಓದಿ, ಎಂದಳು ಅಮ್ಮ. ಜಗಲಿಯಿಂದ ಅಪ್ಪ ತಲೆಯೆತ್ತದೆ, "ಧಕ್ಕಿ ಸುದ್ದಿ ಬರ್ದಳಾ ಹೆಣ್ಣ್? ಹೇಂಗ್ ಬರ್ದ್ಲ್?" ಎಂದು ಕೇಳಿದ. ಹಡಗು ತಂಗುತ್ತಿದ್ದ ಹಳೆಯ ಧಕ್ಕೆಯ ಬಗ್ಗೆ ತಾನು ಹೇಳಿದ ಮಾತು ಶಾಲೆಯ ಗೋಡೆಯ ಮೇಲೆ ಬೀಳುತ್ತದೆ ಎಂದು ಅವನಿಗೆ ಮೊನ್ನೆಯಿಂದ ಒಳಗೊಳಗೇ ನಾಚಿಕೆ, ಸಂಭ್ರಮ. ರತನ್ ಕೇಳಿಸದವನ ಹಾಗೆ ಟೆಂಪೊ ತಿರುಗಿಸಿದ.

ಶಾಲೆಯ ಅಂಗಳದಲ್ಲಿ ಮಕ್ಕಳು ಹೊಸದಾಗಿ ಸುಣ್ಣದ ಗೆರೆ ಎಳೆದಿದ್ದರು. ಟೆಂಪೊ ಆ ಗೆರೆಯ ಮೇಲೆಯೇ ನಿಂತಿತು. ನಿಂತದ್ದೇ ಹಿಂದಿನ ಹಲಗೆಯ ಸಂದಿಯಿಂದ ಐಸಿನ ನೀರು ಮೀನಿನ ರಕ್ತದ ತೆಳು ಬಣ್ಣದಲ್ಲಿ ತೊಟ್ಟಿಕ್ಕಿ ಸುಣ್ಣವನ್ನು ಕರಗಿಸುತ್ತ ಧ್ವಜಕಂಬದ ಕಡೆಗೆ ಹರಿಯತೊಡಗಿತು. ಅವನು ಅದನ್ನು ಕಂಡ. ಚಪ್ಪಲಿಯಿಂದ ಮಣ್ಣು ದೂಡಿ ತಡೆಯಲು ನೋಡಿದ. ನೀರು ಚಪ್ಪಲಿಯನ್ನು ಬಳಸಿಕೊಂಡು ಮುಂದೆ ಹೋಯಿತು. ಎಷ್ಟೋ ವರ್ಷದ ಮೇಲೆ ಈ ಕಟ್ಟಡದೆದುರು ನಿಂತು ತಾನು ಮಾಡಿದ ಮೊದಲ ಕೆಲಸ ನೆಲ ಹೊಲಸು ಮಾಡಿದ್ದು ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂದು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಮೂಲೆಯ ಕೋಣೆಗೆ ಕಪ್ಪು ಪರದೆ ಇಳಿಬಿಟ್ಟಿದ್ದರು. ಕತ್ತಲಿಗೆ ಕಣ್ಣು ಒಗ್ಗುವ ಮೊದಲೇ ಅವನು ಒಳಗಿದ್ದ. ಗೋಡೆಯ ಮೇಲೆ ಬೆಳಕಿನ ದೊಡ್ಡ ಚೌಕ, ಅದರ ಪಕ್ಕದಲ್ಲಿ ಕೋಲು ಹಿಡಿದು ನಿಂತ ಶ್ರೀಲತಾ, ಲ್ಯಾಪ್‌ಟಾಪಿನ ಮುಂದೆ ಒಬ್ಬ ಹುಡುಗ, ಮುಂದಿನ ಕುರ್ಚಿಯಲ್ಲಿ ಉಮಾನಾಥ ಮಾಸ್ಟ್ರು. ಈಗ ಹೆಡ್‌ಮಾಸ್ಟ್ರಾಗಿದ್ದರು, ಕುತ್ತಿಗೆಯ ಹಿಂದಿನ ಕೂದಲು ಬೆಳ್ಳಗಾಗಿತ್ತು. ಘಟ್ಟದ ಮೇಲಿನಿಂದ ಬಂದ ಶರ್ಮಿಳಾ ಟೀಚರು ಕಿಟಕಿಯ ಹತ್ತಿರ ನಿಂತಿದ್ದಳು. ಅವನು ಮನಸ್ಸಿನಲ್ಲಿ ಬೈಯುತ್ತ ಬಂದದ್ದಕ್ಕಿಂತ ಬಹಳ ಸಣ್ಣವಳು, ಹೆಚ್ಚುಕಡಿಮೆ ಅವನದ್ದೇ ಪ್ರಾಯ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಅವಳ ಪ್ರಾಯವನ್ನು ಕಂಡು ಚದುರಿಹೋಯಿತು. ಉಳಿದದ್ದು ಒಂದೇ.

"ಆಧಾರ್ ತಂದಿದೆ," ಎಂದ, ಕಾರ್ಡನ್ನು ಮೇಜಿನ ಮೇಲೆ ಹೊಡೆದ ಹಾಗೆ ಇಟ್ಟು. "ಕೇಂಡಿದ್ರಲ್ಲ. ತಕಣಿ. ಸರಿ ಕಾಣಿ. ನಾವೂ ಈ ದೇಶದರೇ."

 ಪ್ರೊಜೆಕ್ಟರಿನ ಫ್ಯಾನು ತಿರುಗುವುದು ಕೇಳುತ್ತಿತ್ತು. ಆಮೇಲೆ ಲ್ಯಾಪ್‌ಟಾಪಿನ ಹುಡುಗ, ಸುಶಾಂತ್, ಮೂಗಿನಲ್ಲಿ ನಗು ತಡೆದ ಸಣ್ಣ ಸದ್ದು. ಆ ಸದ್ದಿನಿಂದ ಇಡೀ ತರಗತಿಗೆ ಅರ್ಥವಾಯಿತು, ಅವನೊಬ್ಬನನ್ನು ಬಿಟ್ಟು. ಬೆಂಚುಗಳ ಮೇಲೆ ನಗು ಗದ್ದೆಯ ಮೇಲಿನ ಗಾಳಿಯ ಹಾಗೆ ಓಡಿತು.

"ಸುಮ್ನಿರಿ," ಎಂದಳು ಟೀಚರು ಮಕ್ಕಳಿಗೆ. ಅವಳು ನಗಲಿಲ್ಲ, ನಗದೆ ಇರುವುದಕ್ಕೆ ಅವಳು ಪಟ್ಟ ಕಷ್ಟ ಅವನಿಗೆ ಕಂಡಿತು. "ಈ ಆಧಾರ ಅಲ್ಲ ಅಣ್ಣಾ. ಸ್ಲೈಡಿನಲ್ಲಿ ಬರೆದಿರುವ ಮಾತು ಎಲ್ಲಿಂದ ಬಂತು, ಯಾವ ಪುಸ್ತಕ, ಯಾರು ಹೇಳಿದ್ದು ಅಂತ ಕೇಳಿದ್ದೆ. ಎಲ್ಲರ ಹತ್ತಿರವೂ ಕೇಳಿದ್ದೀನಿ. ನೋಡಿ, ಕೆಳಗಡೆ ಎಲ್ಲರ ಸ್ಲೈಡಿನಲ್ಲೂ ಒಂದು ಸಾಲು ಇರುತ್ತೆ."

ನೋಡಿದ. ನೋಡದೆ ಬೇರೆ ದಾರಿ ಇರಲಿಲ್ಲ, ಕೋಣೆಯಲ್ಲಿ ಬೆಳಕಿದ್ದದ್ದು ಅಲ್ಲಿ ಮಾತ್ರ. ಚೌಕದ ಅಡಿಯಲ್ಲಿ 'ಆಧಾರ' ಎಂದು ಬರೆದು ಮುಂದೆ ಖಾಲಿ ಬಿಟ್ಟಿತ್ತು. ಅದರ ಮೇಲೆ ಬಾಲಕನೊಬ್ಬ ಸಿಂಹಕ್ಕೆ ಕತ್ತಿ ಹಾಕುವ ದೊಡ್ಡ ಚಿತ್ರ. ಚಿತ್ರದ ಮೇಲೆ, ಕೆಂಪು ಅಕ್ಷರದಲ್ಲಿ: ಹೊಯ್ಸಳರು ತುಂಬಿ ತುಂಬಿ ಬಂದು ನಮ್ಮೂರಿನ ಧಕ್ಕೆಯನ್ನು ಮುಚ್ಚಿಸಿದರು. ಅವನು ಎರಡು ಸಲ ಓದಿದ. ಹೊಯ್ಸಳರು. ಅವರಿಗೂ ತಮ್ಮ ಕೇರಿಗೂ ಏನು ಸಂಬಂಧ ಎಂದು ತಿಳಿಯದೆ ತಂಗಿಯ ಕಡೆ ತಿರುಗಿದ.

ಶ್ರೀಲತಾ ಅವನನ್ನು ನೋಡಲಿಲ್ಲ. ಕೋಲಿನ ತುದಿಯನ್ನು ನೋಡುತ್ತ ಹೇಳಿದಳು: "ಅಣ್ಣಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ನೀವು. ಹುಟ್ಟಿದಂದಿನಿಂದ ನೀ, ಹೋಗಾ, ಬಾರಾ ಎಂದವಳು. ಪುಸ್ತಕದಿಂದ ಎತ್ತಿ ತಂದ ಆ ನೀವು ಬಸ್ಸಿನಲ್ಲಿ ಅಪರಿಚಿತನಿಗೆ ಸ್ವಲ್ಪ ಸರಿಯಿರಿ ಎನ್ನುವಷ್ಟೇ ಮರ್ಯಾದೆಯದ್ದಾಗಿತ್ತು. ಸರಿ ಎಂದು ಯಾರು ಹೇಳಿದರೂ ಸರಿಯದವನು ಸರಿದ. ಹೊಸ್ತಿಲು ದಾಟುವಾಗ ಕಾಲು ತಾಗಿ ಯಾರದೋ ನೀರಿನ ಬಾಟಲಿ ಉರುಳಿತು. ಎತ್ತಿಡಬೇಕೋ ಬೇಡವೋ ತಿಳಿಯದೆ, ಎತ್ತದೆ, ಹೊರಗಿನ ಬಿಸಿಲಿಗೆ ಬಂದು ಬಿದ್ದ.

ಟೆಂಪೊದೊಳಗೆ ಕೂತು ಕೀಲಿ ತಿರುಗಿಸಬೇಕೆಂದವನು ತಿರುಗಿಸಲಿಲ್ಲ. ಮೊಬೈಲು ತೆಗೆದು, ಬೆಳಿಗ್ಗೆಯೇ ತೆರೆಯಬಹುದಾಗಿದ್ದ ಆ ಸ್ಲೈಡನ್ನು ತೆರೆದ. ಕದಂಬರ ಕೆಳಗೆ ಆಧಾರ: ಪಠ್ಯಪುಸ್ತಕ. ಕೆಳದಿಯ ಕೆಳಗೆ ಆಧಾರ: ಸುಶಾಂತನ ಅಜ್ಜ. ಎಲ್ಲರಿಗೂ ಇತ್ತು. ಹೊಯ್ಸಳರು ತುಂಬಿ ತುಂಬಿ. ತುಂಬಿ ತುಂಬಿ ಎಂಬುದು ಅಪ್ಪನ ಮಾತು. ಮೊನ್ನೆ ಸಂಜೆ ಬಾವಿಕಟ್ಟೆಯ ಹತ್ತಿರ ಶ್ರೀಲತಾ ಮೀನು ಕೊಯ್ಯುತ್ತ ಕೂತಿದ್ದಳು, ಮೊಣಕೈವರೆಗೂ ಪರೆ. ಜಗಲಿಯಿಂದ ಅಪ್ಪ ಹೇಳುತ್ತಿದ್ದ, ನನ್ನಜ್ಜನ ಕಾಲಕ್ಕೆ ಮಚವೆ ಹಡಗ್ ಬಪ್ಪುದಿತ್ತ್ ಈ ಧಕ್ಕಿಗೆ, ಆಮೇಲೆ ಹೊಯ್ಗಿ ತುಂಬಿ ತುಂಬಿ ಮುಚ್ಚಿ ಹೋಯ್ತ್. ಬರಿ ಬರಿ, ನನ್ನ ಕೈ ಚಂಡಿ ಇತ್ತ್, ಎಂದಳು ಅವಳು ಒದ್ದೆ ಕೈ ತೋರಿಸಿ ಇವನಿಗೆ. ಇವನು ಬರೆದ. ಹೊ ಒತ್ತಿದ, ಯ್ ಒತ್ತಿದ. ಹೊಯ್ಗೆ ಬರೆಯುವ ಮೊದಲೇ ಮೊಬೈಲು ತಾನಾಗಿ ಒಂದು ಶಬ್ದವನ್ನು ಎತ್ತಿ ಹಿಡಿಯಿತು, ತಗೊಳ್ಳಿ ಎನ್ನುವ ಹಾಗೆ. ಹೊಯ್ ಎಂದು ಶುರುವಾದದ್ದು ಸರಿಯೇ ಇರಬೇಕೆಂದು ಇವನು ಹೆಬ್ಬೆರಳು ಇಟ್ಟ. ಓದಿ ನೋಡಲಿಲ್ಲ. ಓದಿ ನೋಡುವುದು ಅವನಿಗೆ ಶಾಲೆಯ ಕೆಲಸದ ಹಾಗೆ ಅನಿಸುತ್ತಿತ್ತು. ಮರಳಿಗೆ ಹೊಯ್ಗೆ ಎನ್ನುವವರು ಈ ಮೊಬೈಲು ಮಾಡಿದವರ ಊರಿನಲ್ಲಿ ಇರಲಿಲ್ಲವೇನೋ. ಹೊಯ್ಸಳ ತುಂಬಿ ತುಂಬಿ ಧಕ್ಕೆ ಮುಚ್ಚಿಹೋಯಿತು. ಅದನ್ನು ಕಂಡ ಸುಶಾಂತ್ ವ್ಯಾಕರಣ ಸರಿಮಾಡಿ ಹೊಯ್ಸಳರು ಮಾಡಿದ, ಬಂದು ಸೇರಿಸಿದ, ಇನ್ನು ಯಾರೋ ಸಿಂಹ ತಂದರು. ಹೀಗೆ ಎಲ್ಲರೂ ಕೈಹಾಕಿ ಒಂದು ರಾಜವಂಶವನ್ನೇ ಇವನ ಕೇರಿಗೆ ಇಳಿಸಿದ್ದರು, ಒಂದು ಹೆಬ್ಬೆರಳಿನಿಂದ. ಕುಂದಾಪುರದ ಯಂತ್ರಕ್ಕೆ ಕಾಣದೆ ಹೋದ ಅದೇ ಹೆಬ್ಬೆರಳು.

ಪರದೆಯ ಸಂದಿಯಿಂದ ಕೋಣೆಯ ಮಾತು ಕೇಳುತ್ತಿತ್ತು.

"ಶ್ರೀಲತಾ, ಹೊಯ್ಸಳರ ಈ ವಿಷಯ ನಿಂಗೆ ಎಲ್ಲಿ ಸಿಕ್ತು?" ಟೀಚರಿನ ದನಿ.

"ಅದ್ ಹೊಯ್ಸಳ ಅಲ್ಲ ಮೇಡಂ. ಹೊಯ್ಗಿ. ಹೊಯ್ಗಿ ಅಂದ್ರೆ ಮರಳು. ಮರಳು ತುಂಬಿ ಧಕ್ಕೆ ಮುಚ್ಚಿಹೋಯ್ತು ಅಂತ. ನಾನೇ ಟೈಪ್ ಮಾಡುವಾಗ ತಪ್ಪಿದ್ದು."

ನಾನೇ. ರತನ್ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.  ಆಮೇಲೆ ಸಿಡಿಯಿತು ನಗು, ಆಗ ಅವನಿಗೆ ನಕ್ಕದ್ದಕ್ಕಿಂತ ದೊಡ್ಡದು, ಬೆಂಚು ಬಡಿದು ನಕ್ಕದ್ದು, ಹೊಯ್ಗೆ ಸಾಮ್ರಾಜ್ಯ ಎಂದ ಒಬ್ಬ, ಹೊಯ್ಗೆ ಸಳ ಎಂದ ಇನ್ನೊಬ್ಬ. ಅವನಿಗೆ ಈ ನಗು ಗೊತ್ತಿತ್ತು, ಇದರ ಒಳಗೆ ಒಬ್ಬಳೇ ನಿಂತರೆ ಮೈಗೆ ಏನಾಗುತ್ತದೆ ಎಂದು ಗೊತ್ತಿತ್ತು, ನಾಳೆಯಿಂದ ಅವಳ ಹೆಸರು ಏನಾಗುತ್ತದೆ ಎಂದೂ ಗೊತ್ತಿತ್ತು. ಮನೆಯಲ್ಲಿ ಅಮ್ಮ ಹೇಳಿದ ಅವಳಾರೂ ಎಂಬುದು ಇಲ್ಲಿ, ಈ ಗಳಿಗೆಯಲ್ಲಿ, ಇವನು ಇಟ್ಟ ಬೆರಳಿನಿಂದ ಮುಗಿಯಿತು. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟ. ಯಾರನ್ನು ಹೊಡೆಯಲಿಕ್ಕೆ ಎಂದು ತಿಳಿಯಲಿಲ್ಲ. ಆಗ ಆ ನಗುವಿನೊಳಗೆ ಅವನಿಗೆ ಗುರುತಿದ್ದ ಒಂದು ನಗು ಕೇಳಿತು. ಮೂಗು ಸೊರ್ ಎನಿಸಿ, ಉಸಿರು ಸಿಕ್ಕಿಕೊಂಡು, ಕೊನೆಗೆ ಬಿಕ್ಕಳಿಕೆ ಬರುವ ನಗು, ಶ್ರೀಲತಾ ನಗುತ್ತಿದ್ದಳು. "ಹ್ವಾಯ್ ಸಳಾ, ಹೊಯ್ಗಿ ತಕಂಡ್ ಬಾ ಅಂತ ಗುರುಗಳ್ ಅಂದಿರ್ಕ್ ಮೇಡಂ," ಎಂದಳು ಅವಳು, ಕುಂದಾಪುರದ ಮಾತಿನಲ್ಲೇ, ಮತ್ತು ಟೀಚರೂ ನಕ್ಕಳು. ಉಮಾನಾಥ ಮಾಸ್ಟ್ರೂ ನಕ್ಕರು, ಅದೇ ಕೇಡಿಲ್ಲದ ನಗು.

ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ಅಷ್ಟು ಸುಲಭಕ್ಕೆ ದಾಟಿದ ಕಾಲುವೆಯಲ್ಲಿ ತಾನು ಇಷ್ಟು ವರ್ಷ ಮುಳುಗಿ ಕೂತದ್ದಾದರೆ, ಕಾಲುವೆಯ ಆಳ ಎಷ್ಟಿತ್ತು ಹಾಗಾದರೆ? ಇಲ್ಲ, ಅವಳಿಗೆ ಬೆನ್ನ ಹಿಂದೆ ಒಬ್ಬ ಅಣ್ಣನಿದ್ದ, ಅಕ್ಷರ ಸರಿಯಿದ್ದ ಒಂದು ಹೆಸರಿತ್ತು, ಅದಕ್ಕೇ ನಗಲಿಕ್ಕೆ ಬಂತು. ಹೀಗೆ ಅಂದುಕೊಂಡ. ಅಂದುಕೊಂಡದ್ದಕ್ಕೆ ಆಧಾರ ಎಂಥದು ಎಂದು ಒಳಗೆ ಯಾರೋ ಕೇಳಿದ ಹಾಗಾಗಿ, ಕಾಲನ್ನು ಮತ್ತೆ ಒಳಗೆಳೆದುಕೊಂಡ.

"ಸರಿ, ಹೊಯ್ಗೆ ಅಂತಲೇ ಇರಲಿ, ಆವರಣದಲ್ಲಿ ಮರಳು ಅಂತ ಹಾಕೋಣ," ಎನ್ನುತ್ತಿದ್ದಳು ಟೀಚರು. "ಬ್ರಹ್ಮಾವರದಲ್ಲೂ ಇದನ್ನ ಹೀಗೇ ಹೇಳ್ತೀಯಾ? ನಕ್ಕರೆ?"

"ನಗ್ಲಿ ಮೇಡಂ. ನಕ್ಕರೆ ಮರೆಯೂದಿಲ್ಲ."

"ಹಾಗಾದ್ರೆ ನೀನೇ ಮಾತಾಡು. ಈಗ ಆಧಾರ ಹೇಳು. ಯಾರು ಹೇಳಿದ್ದು?"

"ಅಪ್ಪಯ್ಯ. ಹೇಳಿದ್ದ್ ಅಪ್ಪಯ್ಯ ಸೋಮ. ಬರ್ದದ್ದ್..." ಅವಳು ತಡೆದಳು. "ಅಣ್ಣನ ಹೆಸ್ರೂ ಹಾಕಿ ಮೇಡಂ."

"ಅವರ ಪೂರ್ತಿ ಹೆಸರು?"

"ಇಲ್ಲೇ ಇದೆಯಲ್ಲ," ಎಂದರು ಉಮಾನಾಥ ಮಾಸ್ಟ್ರು. ಕುರ್ಚಿ ಕಿರುಗುಟ್ಟಿತು. ಮೇಜಿನ ಮೇಲಿನ ಕಾರ್ಡನ್ನು ಅವರು ಎತ್ತಿದ್ದು, ಕನ್ನಡಕ ಮೇಲೇರಿಸಿದ್ದು, ಕಣ್ಣಿಗೆ ಹತ್ತಿರ ಹಿಡಿದದ್ದು ಇವನಿಗೆ ಕಾಣದೆಯೂ ಕಂಡಿತು. ಅಂಟಿಕೊಂಡ ಕಾರ್ಡುಗಳಲ್ಲಿ ಉಗುರಿಗೆ ಸಿಕ್ಕಿದ್ದು ತಂಗಿಯದ್ದಲ್ಲ, ತನ್ನದು ಎಂದು ಆಗ ಗೊತ್ತಾಯಿತು. "ಬರ್ಕೋ ಸುಶಾಂತ್. ಸೋಮ. ಮತ್ತು ರ, ಟ, ನ್. ರಟನ್." ಅದೇ ದನಿ. ಅವರಿಗೆ ಏನೊಂದೂ ನೆನಪಿರಲಿಲ್ಲ. ಅದು ಮಾತ್ರ ಸ್ಪಷ್ಟವಿತ್ತು. ಆ ಮನುಷ್ಯನಿಗೆ ನೆನಪಿಡುವಂಥದ್ದು ಏನೂ ಆಗಿರಲೇ ಇಲ್ಲ.

ಅವನ ಕೈಯಲ್ಲಿದ್ದ ಗಾಜಿನ ಮೇಲೆ ಅಕ್ಷರಗಳು ಬೀಳತೊಡಗಿದವು. ಬಣ್ಣದ ಒಂದು ಗೆರೆ ಮಿಣುಕುತ್ತ ಸರಿಯಿತು: ಆಧಾರ: ಸೋಮ, ರಟನ್. ಬಿದ್ದ ಅಕ್ಷರ ಗಟ್ಟಿಯಾಗಿ ಅಲ್ಲೇ ನಿಂತಿತು. ಇನ್ನು ಇದು ಬ್ರಹ್ಮಾವರಕ್ಕೆ ಹೋಗುತ್ತದೆ, ದೊಡ್ಡ ಗೋಡೆಯ ಮೇಲೆ ಬೀಳುತ್ತದೆ. ಅವನ ಹೆಬ್ಬೆರಳು ಗಾಜಿನ ಮೇಲೆ ಒತ್ತಿಕೊಂಡಿತು. ಒತ್ತಿದ್ದಕ್ಕೆ ಇಡೀ ಸ್ಲೈಡು ನೀಲಿಯಾಗಿ ಎದ್ದುಬಂತು, ಸಿಂಹ, ಹೊಯ್ಗೆ, ಧಕ್ಕೆ, ಅಪ್ಪ, ಎಲ್ಲ. ಒಂದು ಸಲ ಅಳಿಸು ಎಂದರೆ ಎಲ್ಲವೂ ಹೋಗುತ್ತಿತ್ತು. ಬೋಟಿಗೆ ಹತ್ತಿದ ದಿನ ಹೀಗೇ ಮಾಡಿದ್ದನಲ್ಲವೇ, ಒಂದು ಅಕ್ಷರದ ಸಿಟ್ಟಿಗೆ ಪುಸ್ತಕ, ಚೀಲ, ಬೆಂಚಿನ ಆ ತುದಿ, ಎಲ್ಲವನ್ನೂ. ಹೆಬ್ಬೆರಳು ಬೆವರಿತ್ತು. ಗಾಜಿನ ಮೇಲೆ ಅದರ ಗುರುತು ಗೆರೆಗೆರೆಯಾಗಿ ಬಿದ್ದಿತ್ತು, ಯಂತ್ರಕ್ಕೆ ಕಾಣದ ಗೆರೆ.

ನೀಲಿಯ ಹೊರಗೆ ಒಂದು ಕಡೆ ತಟ್ಟಿದ. ನೀಲಿ ಇಳಿಯಿತು. ಟ ಅಕ್ಷರದ ಮುಂದೆ ಬೆರಳಿಟ್ಟ, ಜಾರಿ ನ್ ಮುಂದೆ ನಿಂತಿತು, ಹಿಂದಕ್ಕೆ ತಂದ. ಟ ಹೋಯಿತು. ತ ಒತ್ತುವಾಗ ಮೊಬೈಲು ಮತ್ತೆ ಮೂರು ಶಬ್ದಗಳನ್ನು ಎತ್ತಿ ಹಿಡಿಯಿತು, ತಗೊಳ್ಳಿ, ತಗೊಳ್ಳಿ ಎಂದು. ಯಾವುದನ್ನೂ ಮುಟ್ಟಲಿಲ್ಲ. ಬರೆದು, ಓದಿ ನೋಡಿದ. ಇನ್ನೊಂದು ಸಲ ಓದಿದ.

ಕೋಣೆಯೊಳಗೆ ಗುಜುಗುಜು ಎದ್ದಿತು. "ಮೇಡಂ, ತನ್ನಿಂತಾನೇ ಬದಲಾಯ್ತು," ಎಂದ ಸುಶಾಂತ್. "ಶ್ರೀಲತಾ ಅಂತ ಹೆಸ್ರು ತೋರಿಸ್ತಿದೆ. ಅವಳ ಕೈಯಲ್ಲಿ ಕೋಲು ಮಾತ್ರ ಇತ್ತಲ್ಲ."

"ಯಾರು ತಿದ್ದಿದ್ದು?" ಉಮಾನಾಥ ಮಾಸ್ಟ್ರ ದನಿ. "ಕಾರ್ಡಿನಲ್ಲಿ ಟ ಅಂತಲೇ ಇದೆ."

"ಕಾರ್ಡಲ್ಲಿ ತಪ್ಪಿತ್ತ್ ಸರ್," ಎಂದಳು ಶ್ರೀಲತಾ. "ತಿದ್ದಿದ್ದ್ ಆಧಾರವೇ. ಹೊರಗೆ ಟೆಂಪೊದಗೆ ಕೂಕಂಡಿತ್ತ್."

ಮತ್ತೆ ನಗು. ಪರದೆಯ ಅಂಚು ಸರಿದು ಕಿಟಕಿಯಲ್ಲಿ ತಲೆಗಳು ಕಾಣಿಸಿಕೊಂಡವು, ಒಂದರ ಮೇಲೊಂದು. ಅವನು ಕೀಲಿ ತಿರುಗಿಸಿದ, ಇಂಜಿನು ಹತ್ತಿತು, ಕ್ರೇಟುಗಳು ಒಂದಕ್ಕೊಂದು ಬಡಿದುಕೊಂಡವು. ಇಷ್ಟು ಕಣ್ಣುಗಳೆದುರು ಮಾಡಬಹುದಾದ್ದು ಅದೊಂದೇ, ಹೊರಡುವುದು. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಗೇರು ಹಾಕಿದ. ಟೆಂಪೊ ಕರಗಿದ ಸುಣ್ಣದ ಗೆರೆಯಿಂದ ಒಂದು ಮಾರು ಮುಂದೆ ಹೋಯಿತು. ಕಾರ್ಡು ಮೇಜಿನ ಮೇಲೆಯೇ ಉಳಿದಿತ್ತು.

"ಹ್ವಾಯ್, ನಿನ್ ಕಾರ್ಡ್ ಬ್ಯಾಡ್ದಾ?" ಎಂದು ಕಿಟಕಿಯಿಂದ ಕೂಗಿದಳು ಶ್ರೀಲತಾ. "ನಾ ತಂದ್ ಕೊಡೂದಿಲ್ಲೆ. ನೀನೇ ಬಂದ್ ತಕಂಡ್ ಹೋಗ್."

ರತನ್ ಇಂಜಿನು ಆರಿಸಿದ. ಇಳಿದು, ಹರಿದ ನೀರನ್ನು ದಾಟಿ, ಮೆಟ್ಟಿಲನ್ನು ಒಂದೊಂದಾಗಿ ಹತ್ತತೊಡಗಿದ. ಹೊಸ್ತಿಲಲ್ಲಿ ಆ ನೀರಿನ ಬಾಟಲಿ ಇನ್ನೂ ಬಿದ್ದಿತ್ತು. ಎತ್ತಿ ಕೈಯಲ್ಲಿ ಹಿಡಿದುಕೊಂಡು, ಇದು ಯಾರದ್ದು ಎಂದು ಕೇಳುತ್ತ ಒಳಗೆ ಹೋದ.